ಜೋಡಿ ಬಾಗಿಲಿಗೆ ಅರಗು

ನನ್ನ ಮಗಳು ಮದುವೆಯಾದರೆ ಅವನನ್ನೇ ಎಂದು ಹಟ ಹಿಡಿದ ಹುಡುಗ ಕಾರುಗಳಿಗೆ ಬಣ್ಣ ಹೊಡೆಯುವವನು. ಈ ಸುದ್ದಿ ಕೇಳಿದ ದಿನ ನಾನು ಊಟ ಬಿಡಲಿಲ್ಲ. ತಟ್ಟೆಯನ್ನು ಸ್ವಲ್ಪ ಜೋರಾಗಿ ಕೆಳಗಿಟ್ಟೆ, ಅಷ್ಟೆ. ತಟ್ಟೆ ಒಡೆಯಿತು.

"ಅವನೂ ಸ್ಪ್ರೇ ಗನ್ ಹಿಡಿಯೋನು, ನೀನೂ ಸ್ಪ್ರೇ ಗನ್ ಹಿಡಿಯೋನು. ಏನಪ್ಪಾ ವ್ಯತ್ಯಾಸ?" ಎಂದಳು ಮಗಳು.

ವ್ಯತ್ಯಾಸ ಇದೆ. ನಾನು ಹೊಡೆಯುವುದು ಮರಕ್ಕೆ, ಅದೂ ಅರಗಿನ ಪಾಲಿಶು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಗನ್ನಿಗೆ ತುಂಬಿ, ಮಂಜು ಕೂತ ಹಾಗೆ ತೆಳ್ಳಗೆ ಕೂರಿಸಬೇಕು. ದಪ್ಪ ಹೊಡೆದರೆ ಇಳಿದು ಗೆರೆಯಾಗುತ್ತದೆ. ತಗಡಿಗೆ ಬಣ್ಣ ಬಳಿಯುವವರಿಗೆ ಇದೆಲ್ಲ ಎಲ್ಲಿಂದ ಗೊತ್ತಾಗಬೇಕು?

"ಒಂದು ಬಾಗಿಲಿಗೆ ಅರಗು ಹೊಡೆದು ತೋರಿಸಲಿ. ಸರಿ ಬಂದರೆ ಮದುವೆ ಮಾತು. ಕೆಟ್ಟರೆ ಅವನ ದಾರಿ ಅವನಿಗೆ" ಎಂದೆ.

"ಆಯ್ತು. ಕೆಟ್ಟರೆ ನಾನು ಮತ್ತೆ ಆ ಮಾತೆತ್ತಲ್ಲ. ಸರಿ ಬಂದರೆ ನೀನು ಉಲ್ಟಾ ಹೊಡೀಬಾರದು" ಎಂದಳು. ಅವಳ ಅಮ್ಮ ಸಾಕ್ಷಿ.

ಭಾನುವಾರ ಬೆಳಿಗ್ಗೆ ಕಾರಿನವನು ಬಂದ. ಗೂಡಂಗಡಿಯಷ್ಟು ಜಾಗದ ನನ್ನ ಶೆಡ್ಡಿನಲ್ಲಿ ಬೀರುವಿನ ಎರಡು ಬಾಗಿಲುಗಳನ್ನು ಗೋಡೆಗೆ ಒರಗಿಸಿಟ್ಟಿದ್ದೆ. ಉಜ್ಜಿ, ಧೂಳು ಒರೆಸಿ, ಹೊಗೆ ಹೊರಗೆಳೆಯುವ ಫ್ಯಾನು ಹಾಕಿದ್ದೆ.

"ನಮಸ್ಕಾರ ಸಾರ್."

"ಸಾರ್ ಅನ್ನಬೇಡ."

"ಮತ್ತೇನು ಅನ್ನಲಿ?"

"ಏನೂ ಅನ್ನಬೇಡ. ಹೊಡಿ."

ಮೂಗಿಗೆ ಮಾಸ್ಕು ಕಟ್ಟಿಕೊಂಡ. ಗನ್ ಹಿಡಿದ ರೀತಿ ಚೆನ್ನಾಗಿತ್ತು, ಅದಕ್ಕೇ ನನಗೆ ಇನ್ನಷ್ಟು ಉರಿಯಿತು. ಆದರೆ ಅಭ್ಯಾಸ ಎಲ್ಲಿ ಹೋಗುತ್ತೆ? ಕಾರಿನ ಬಾನೆಟ್ಟಿಗೆ ಹೊಡೆಯುವ ಹಾಗೆ, ಕನ್ನಡಿಯಂಥ ಹೊಳಪು ಕಾಣುವವರೆಗೂ ಒದ್ದೆಯಾಗಿ ಹೊಡೆದ. ಅರಗು ಒಂದು ಕ್ಷಣ ಹೊಳೆಯಿತು. ಆಮೇಲೆ ಮೇಲಿನಿಂದ ಕೆಳಕ್ಕೆ ಸೋರಿ, ಮೂಗು ಸುರಿಸುವ ಮಗುವಿನ ಮುಖದ ಹಾಗಾಯಿತು ಬಾಗಿಲು.

ನನಗೆ ಎಷ್ಟು ಸಂತೋಷವಾಯಿತೆಂದರೆ ಹಸಿವಾಯಿತು.

ಮಗಳ ಮುಖ ಸಪ್ಪಗಾಯಿತು. ಮಾತು ಕೊಟ್ಟಿದ್ದಳಲ್ಲ. ಕಾರಿನವನು ಮಾಸ್ಕು ಇಳಿಸಿದ.

"ದಪ್ಪ ಆಯ್ತು. ಹೇಗೆ ಹೊಡೀಬೇಕು ಅಂತ ಒಂದು ಸಲ ತೋರಿಸ್ತೀರಾ? ಮದುವೆಗಲ್ಲ. ಕಲಿಯೋದಕ್ಕೆ."

ಗೆದ್ದವನಿಗೆ ಔದಾರ್ಯ ಜಾಸ್ತಿ. ಗನ್ ಕಿತ್ತುಕೊಂಡು ಎರಡನೇ ಬಾಗಿಲಿನ ಮುಂದೆ ನಿಂತೆ.

"ನೋಡು, ಕೈ ನಿಲ್ಲಬಾರದು. ಬಾಗಿಲಿನ ಅಂಚು ದಾಟಿದ ಮೇಲೆ ಬೆರಳು ಬಿಡಬೇಕು. ಹಿಂದಿನ ಪಟ್ಟಿಯ ಅರ್ಧದ ಮೇಲೆ ಮುಂದಿನದು ಬರಬೇಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನೀವು ತಗಡಿನವರು ದೊಣ್ಣೆ ಜಾತಿ..."

"ಅಪ್ಪಾ!" ಎಂದಳು ಮಗಳು.

"ಏನೇ ಅಪ್ಪಾ? ನಿಜ ಹೇಳಿದರೆ ಉರೀತದಾ?" ಎಂದು ಅವಳ ಕಡೆ ತಿರುಗಿ ಬೈದೆ. ಬಾಯಿ ತುಂಬ ಬೈದೆ. ತಲೆ ಮಾತ್ರ ತಿರುಗಿತ್ತು. ಕೈ ಅಲ್ಲೇ ನಿಂತಿತ್ತು, ಬೆರಳು ಒತ್ತಿಕೊಂಡೇ ಇತ್ತು.

ಗನ್ನಿಗೆ ಗಾಳಿ ತುಂಬುವ ಕಂಪ್ರೆಸರ್ ತಾನಾಗಿ ಶುರುವಾಗಿ ತಾನಾಗಿ ನಿಂತಿತು. ಬಾಗಿಲಿನ ನಡುವೆ ಅಂಗೈಯಗಲದ ಕೆರೆ, ಅದರಿಂದ ಇಳಿಯುವ ಮೂರು ಹೊಳೆ.

ಯಾರೂ ನಗಲಿಲ್ಲ. ನಕ್ಕಿದ್ದರೆ ಅವರ ಮೇಲೆ ಹರಿಹಾಯಬಹುದಿತ್ತು. ಕಾರಿನವನು ಎರಡು ಬಾಗಿಲುಗಳನ್ನೂ ಗಮನವಿಟ್ಟು ನೋಡಿದ.

"ಜೋಡಿ ಬಾಗಿಲಲ್ವಾ? ಈಗ ಎರಡೂ ಒಂದೇ ಥರ ಆಯ್ತು" ಎಂದ.

ಹೆಂಡತಿ ಹೊಸ್ತಿಲಿನಲ್ಲಿ ನಿಂತಿದ್ದಳು. "ಹೇಳೋದು ಶಾಸ್ತ್ರ" ಎಂದಷ್ಟೇ ಹೇಳಿದಳು. ಬದನೆಕಾಯಿಯನ್ನು ನನಗೇ ಬಿಟ್ಟಳು.

ಅರಗಿನಲ್ಲಿ ಒಂದು ಒಳ್ಳೆಯತನವಿದೆ. ಎಷ್ಟೇ ಕೆಡಿಸಿರಿ, ಸ್ಪಿರಿಟ್ಟಿನಲ್ಲಿ ಒರೆಸಿದರೆ ಬಂದುಬಿಡುತ್ತದೆ. ಅವನೊಂದು ಬಾಗಿಲು, ನಾನೊಂದು ಬಾಗಿಲು ಒರೆಸಿದೆವು. ಅವನು ನನಗಿಂತ ಚೆನ್ನಾಗಿ, ಮರದ ಎಳೆಯ ಗುಂಟ ಒರೆಸಿದ. ಮೂಲೆ ಬಿಡಲಿಲ್ಲ. ಗನ್ ಅವನ ಕೈಗೆ ಕೊಟ್ಟೆ.

"ಮತ್ತೆ ಹೊಡೀಲಾ? ಮಾತು ಒಂದೇ ಬಾಗಿಲಿಗಲ್ವಾ?"

"ಬಾಗಿಲು ಒಂದೇ ಅಂದಿದ್ದು. ಎಷ್ಟು ಸಲ ಅಂತ ಅಂದಿಲ್ಲ."

ಮಗಳು ತಲೆ ಎತ್ತಿದಳು. ನಾನು ಫ್ಯಾನಿನ ಕಡೆ ನೋಡಿದೆ.

ಅವನು ಗನ್ನಿನ ತಿರುಪು ತಿರುಗಿಸಿ ಅರಗು ಕಡಿಮೆ ಮಾಡಿಕೊಂಡು, ಖಾಲಿ ಹಲಗೆಯ ಮೇಲೆ ಹೊಡೆದು ನೋಡಿ, ಬಾಗಿಲಿಗೆ ಬಂದ. ಈ ಸಲ ಕೈ ನಿಲ್ಲಲಿಲ್ಲ. ತೆಳ್ಳಗೆ ಕೂತಿತು. ನಾನು ಬ್ಯಾಟರಿ ಬೆಳಕು ಬಿಟ್ಟು ಅಡ್ಡಡ್ಡ ನೋಡಿದೆ, ಕೂತು ನೋಡಿದೆ, ಮಂಡಿಯೂರಿ ಕೆಳಗಿನ ಅಂಚು ನೋಡಿದೆ. ಏನಾದರೊಂದು ಸಿಗಲಿ ಎಂದೇ ನೋಡಿದೆ.

"ಸಿಕ್ತಾ?" ಎಂದಳು ಮಗಳು. ಅವಳ ದನಿ ನಡುಗುತ್ತಿತ್ತು. ನನ್ನ ಮಗಳ ದನಿ ನಡುಗಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

"ಮೊದಲು ಒಣಗಲಿ" ಎಂದೆ.

"ಅರಗು ಒಣಗೋದಕ್ಕೆ ಎಷ್ಟು ಹೊತ್ತು ಬೇಕು? ಟೀ ಕುಡಿಯೋದರೊಳಗೆ ಒಣಗುತ್ತೆ. ಮೂರು ಲೋಟ ಇಡಲಾ, ನಾಲ್ಕಾ?" ಎಂದಳು ಹೆಂಡತಿ.

ನಾನು ಮಂಡಿಯ ಧೂಳು ಕೊಡವಿಕೊಂಡು ಎದ್ದೆ.

"ನಾಲ್ಕಿಡು" ಎಂದೆ. ಆಮೇಲೆ ಅವನ ಕಡೆ ತಿರುಗಿ, "ನಿಮ್ಮಪ್ಪ ಅಮ್ಮ ಮನೇಲಿ ಯಾವಾಗ ಇರ್ತಾರೆ?" ಎಂದು ಗದರಿದೆ.