ಹಿಂದಿನ ಸಾಲಿನ ಮೊಸರು

ಕೋಲ್ಕತ್ತಾದ ಕಸ್ಬಾ ಬಡಾವಣೆಯ ಆ ಸೂಪರ್ ಮಾರ್ಕೆಟ್ಟಿನಲ್ಲಿ ತುಳಸಿ ಸಾಮಾನು ಕೊಳ್ಳುವುದನ್ನು ನೋಡಿದವರಿಗೆ, ಈಕೆ ಕೊಳ್ಳುತ್ತಿದ್ದಾಳೋ ಅಥವಾ ಕಳೆದುಹೋದ ಉಂಗುರವನ್ನು ಹುಡುಕುತ್ತಿದ್ದಾಳೋ ಎಂಬ ಅನುಮಾನ ಬರುತ್ತಿತ್ತು. ಹಾಲು, ಮೊಸರು, ಬ್ರೆಡ್ಡು, ಪನೀರು ಯಾವುದೇ ಇರಲಿ, ಮುಂದಿನ ಸಾಲಿನದು ಅವಳ ಕಣ್ಣಿಗೇ ಬೀಳುತ್ತಿರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತೋಳನ್ನು ಭುಜದವರೆಗೂ ಫ್ರಿಜ್ಜಿನೊಳಗೆ ತೂರಿಸಿ, ಕಟ್ಟಕಡೆಯ ಪ್ಯಾಕೆಟ್ಟನ್ನೇ ಎಳೆದು ತೆಗೆಯುತ್ತಿದ್ದಳು. ಅಂಗಡಿಯವರು ಹಳೆಯದನ್ನು ಮುಂದಿಟ್ಟು ಹೊಸದನ್ನು ಹಿಂದೆ ಜೋಡಿಸುತ್ತಾರೆಂಬ ಗುಟ್ಟು ಅವಳಿಗೆ ಎಂದೋ ಗೊತ್ತಾಗಿಹೋಗಿತ್ತು. ತಾರೀಖು ಓದುವುದಕ್ಕಾದರೆ ಕನ್ನಡಕ ಬೇಕು, ಹಿಂದಿನ ಸಾಲಿಗೆ ಕೈ ಹಾಕಿದರೆ ಕನ್ನಡಕವೂ ಬೇಡ ಎಂದು ಜಂಬದಿಂದ ಹೇಳಿಕೊಳ್ಳುತ್ತಿದ್ದಳು.

ಗಂಡ ಅರವಿಂದನದು ಕೇಂದ್ರ ಸರ್ಕಾರದ ನೌಕರಿ. ಮೈಸೂರಿನಿಂದ ವರ್ಗವಾಗಿ ಬಂದವರು ಕೋಲ್ಕತ್ತಾದಲ್ಲೇ ಬೇರೂರಿದ್ದರು. ಹೆಂಡತಿಯ ಈ ಶೋಧನೆ ಮುಗಿಯುವವರೆಗೆ ಅವನು ತಳ್ಳುಗಾಡಿ ಹಿಡಿದು ನಿಂತಿರಬೇಕಾಗುತ್ತಿತ್ತು.

“ಸಂಜೆ ಟೀ ಜೊತೆ ಮುಗಿದುಹೋಗೋ ಬ್ರೆಡ್ಡಿಗೆ ಮುಂದಿನ ವಾರದ ತಾರೀಖು ಯಾಕೆ?” ಎಂದು ಒಮ್ಮೆ ಕೇಳಿದ್ದ.

“ಕೊಡೋ ದುಡ್ಡು ಒಂದೇ ಅಲ್ವೇನ್ರೀ? ಹಾಗಿದ್ದ ಮೇಲೆ ಹಳೇದನ್ನ ನಾನ್ಯಾಕೆ ತಗೋಬೇಕು? ತಗೊಳ್ಳೋರು ಯಾರಾದ್ರೂ ಇರ್ತಾರೆ ಬಿಡಿ.”

ಆ ‘ಯಾರಾದರೂ’ ಯಾರು ಎಂದು ಅವನೂ ಕೇಳಲಿಲ್ಲ, ಅವಳೂ ಯೋಚಿಸಲಿಲ್ಲ. ಊರಿನಲ್ಲಿ ಎಲ್ಲರೂ ಹೀಗೇ ಬೇರೆ ಯಾರಾದರೂ ತಗೊಳ್ಳುತ್ತಾರೆ ಎಂದುಕೊಂಡೇ ಹಿಂದಿನ ಸಾಲಿಗೆ ಕೈ ಹಾಕುತ್ತಿದ್ದರು. ಬೆಂಗಳೂರಿನಿಂದ ನ್ಯೂ ಟೌನಿನ ಐಟಿ ಕಂಪನಿಗೆ ಬಂದ ನಮ್ರತಾಳಂಥ ಹೊಸ ಹುಡುಗಿಯರಿಗೆ ತುಳಸಿ ಕಲಿಸಿದ ಮೊದಲ ವಿದ್ಯೆಯೂ ಇದೇ ಆಗಿತ್ತು.

ಆ ಅಂಗಡಿಯ ಮ್ಯಾನೇಜರ್ ಸ್ಪೂರ್ತಿ ಗದಗದ ಕಡೆಯವಳು. ಬಿಲ್ಲಿಂಗ್ ಕೌಂಟರಿನಲ್ಲಿ ನಿಂತು ಶುರು ಮಾಡಿ, ಒಂದೊಂದೇ ಮೆಟ್ಟಿಲು ಹತ್ತಿ, ಕಂಪನಿ ಕಳಿಸಿದಲ್ಲೆಲ್ಲ ಹೋಗಿ, ಕೊನೆಗೆ ಇಲ್ಲಿಗೆ ಬಂದು ಮ್ಯಾನೇಜರ್ ಆಗಿದ್ದಳು. ಹಬ್ಬ ಬಂದರೆ ಊಟಕ್ಕೆ ತುಳಸಿಯ ಮನೆಗೇ ಬರುತ್ತಿದ್ದಳು. “ಅಕ್ಕಾರ” ಎಂದು ಬಾಯ್ತುಂಬ ಕರೆಯುತ್ತಿದ್ದಳು. ತುಳಸಿಗೂ ಅವಳ ಮೇಲೆ ಮಗಳಷ್ಟೇ ಅಕ್ಕರೆ.

ಯುಗಾದಿಯ ನಂತರದ ಭಾನುವಾರ ಕನ್ನಡ ಸಂಘದ ಊಟವಿತ್ತು. ಮೊಸರನ್ನದ ಹೊಣೆ ತುಳಸಿಯದು. ಬೆಳಿಗ್ಗೆಯೇ ಅಂಗಡಿಗೆ ಹೋಗಿ, ಎಂದಿನಂತೆ ಹಿಂದಿನ ಸಾಲಿನಿಂದ ಮೊಸರಿನ ಪ್ಯಾಕೆಟ್ಟುಗಳನ್ನು ಬಾಚಿ ತಂದಳು. ಶುಂಠಿ, ಸಾಸಿವೆ ಒಗ್ಗರಣೆ, ದಾಳಿಂಬೆ ಕಾಳು ಎಲ್ಲ ಬಿದ್ದ ಮೊಸರನ್ನ ಅವತ್ತು ಹದವಾದ ಹುಳಿಯಿಂದ ಘಮಘಮಿಸಿತು. ಈ ಊರಿನ ಸಿಹಿ ಮೊಸರು ‘ದೊಯಿ’ ತಿಂದು ತಿಂದು ನಾಲಿಗೆ ಜಡ್ಡುಗಟ್ಟಿದ್ದ ಜನ ಎರಡೆರಡು ಸಲ ಹಾಕಿಸಿಕೊಂಡು ತಿಂದರು. ಸಂಘದ ಅಧ್ಯಕ್ಷ ಬಸವಲಿಂಗಪ್ಪನವರಂತೂ ಎಲೆಯ ಮುಂದಿನಿಂದ ಏಳಲೇ ಇಲ್ಲ.

ಪಾತ್ರೆ ಎತ್ತಿಡುವಾಗ ಖಾಲಿ ಪ್ಯಾಕೆಟ್ಟುಗಳನ್ನು ಕಸದ ಚೀಲಕ್ಕೆ ತುಂಬುತ್ತಿದ್ದ ನಮ್ರತಾ ಒಂದನ್ನು ಹಿಡಿದು ನಿಂತಳು. “ಆಂಟಿ, ಇದರ ಡೇಟ್ ಇವತ್ತಿಗೇ ಮುಗಿಯುತ್ತೆ. ಎಲ್ಲದರದ್ದೂ.”

ತುಳಸಿ ಕನ್ನಡಕ ಹಾಕಿಕೊಂಡು ನೋಡಿದಳು. ನಿಜ. ಅಷ್ಟು ಹೊತ್ತೂ ತೃಪ್ತಿಯಿಂದ ತೇಗುತ್ತಿದ್ದ ಬಸವಲಿಂಗಪ್ಪನವರು, “ಅದಕ್ಕೇ ನನ್ನ ಹೊಟ್ಟೆ ಆಗಿನಿಂದ ಗುಡುಗುಡು ಅಂತಿದೆ” ಎಂದು ಹೊಟ್ಟೆ ಹಿಡಿದುಕೊಂಡರು. ನಾಲ್ಕು ಜನರ ಮುಂದೆ ತುಳಸಿಯ ಮುಖ ಕೆಂಪೇರಿತು. ಹಿಂದಿನ ಸಾಲಿನಿಂದಲೇ ತೆಗೆದದ್ದು! ಅವಳ ಕೈ ಎಂದೂ ತಪ್ಪಿರಲಿಲ್ಲ. ಯಾರೋ ಬೇಕೆಂದೇ ಹಳೆಯದನ್ನು ಹಿಂದೆ ತಳ್ಳಿದ್ದಾರೆ, ಹಾಡಹಗಲೇ ತನಗೆ ಮೋಸ ಮಾಡಿದ್ದಾರೆ ಎಂದು ಮೈಯೆಲ್ಲ ಉರಿಯಿತು. ಅಲ್ಲೇ ನಿಂತು ಕಂಪನಿಯ ದೂರಿನ ನಂಬರಿಗೆ ಫೋನ್ ಮಾಡಿ, ಕಸ್ಬಾದ ಅಂಗಡಿಯಲ್ಲಿ ಹಳಸಿದ ಮೊಸರು ಮಾರುತ್ತಾರೆ ಎಂದು ಹಿಂದಿಯಲ್ಲಿ ಝಾಡಿಸಿದಳು. ‘ಹಳಸಿದ’ ಎಂಬ ಮಾತು ಸಿಟ್ಟಿನ ಭರದಲ್ಲಿ ಬಂದದ್ದು. ಬಂದ ಮೇಲೆ ಅದನ್ನು ವಾಪಸ್ ಪಡೆಯುವ ಮನಸ್ಸೂ ಅವಳಿಗೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಖಾಲಿ ಪ್ಯಾಕೆಟ್ಟುಗಳ ಚೀಲ ಹಿಡಿದು ಅಂಗಡಿಗೆ ಹೋದಾಗ ಸ್ಪೂರ್ತಿ ಬಾಗಿಲಲ್ಲೇ ಸಿಕ್ಕಳು. ನಿದ್ದೆಗೆಟ್ಟ ಮುಖ.

“ಫೋನ್ ಮಾಡಿದ್ದು ನೀವs ಅಲ್ರಿ ಅಕ್ಕಾರ? ಹೆಸರು ಹೇಳಿದ್ರು ನನಗ.”

“ನಾನೇ. ನಿನ್ನ ಕೆಲಸದವರಲ್ಲಿ ಯಾರೋ ಕಳ್ಳಾಟ ಆಡ್ತಿದ್ದಾರೆ ಸ್ಪೂರ್ತಿ. ಹಳೇದನ್ನ ಹಿಂದಕ್ಕೆ ಇಟ್ಟಿದ್ದಾರೆ.”

“ಯಾರೋ ಅಲ್ರಿ. ನಾನs ಇಟ್ಟೀನಿ.”

ತುಳಸಿ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿ ಅವಳನ್ನೇ ನೋಡಿದಳು.

“ಸಂಜಿಗೆ ಏರಿಯಾ ಮ್ಯಾನೇಜರ್ ಧ್ರುವಬಾಬು ಬರ್ತಾರ್ರಿ. ಕಂಪನಿ ಹೇಳಿದಂಗ ಜೋಡಿಸಲಿಲ್ಲ, ಗಿರಾಕಿ ದೂರು ಕೊಟ್ಟಾರ. ನನ್ನ ಮತ್ತ ಕೌಂಟರಿಗೆ ಇಳಸ್ತಾರ, ಇಲ್ಲಾ ಮನಿಗೆ ಕಳಸ್ತಾರ. ಅದಿರಲಿ. ನೀವು ಒಂದು ಸಲ ಒಳಗ ಬರ್ರಿ.”

ಅಂಗಡಿಯ ಹಿಂಬಾಗಿಲಾಚೆ ಒಂದು ಇಕ್ಕಟ್ಟಾದ ಅಂಗಳ, ಅದರ ಮೂಲೆಯಲ್ಲಿ ಚರಂಡಿ. ಅದರ ಪಕ್ಕದಲ್ಲಿ ಕಸ ಗುಡಿಸುವ ಚಂಪಾ ಕತ್ತರಿ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದಳು. ಮುಂದೆ ಒಂದು ದೊಡ್ಡ ಬುಟ್ಟಿ, ಅದರ ತುಂಬ ಹಾಲು, ಪನೀರು, ಬ್ರೆಡ್ಡು. ಎಲ್ಲದರ ತಾರೀಖೂ ನಿನ್ನೆಗೆ ಮುಗಿದಿತ್ತು. ಚಂಪಾ ಮೊದಲ ಹಾಲಿನ ಪ್ಯಾಕೆಟ್ಟನ್ನು ಹಣೆಗೆ ಮುಟ್ಟಿಸಿಕೊಂಡು, ಮೂಲೆ ಕತ್ತರಿಸಿ ಚರಂಡಿಗೆ ಸುರಿದಳು. ಆಮೇಲೆ ಇನ್ನೊಂದು, ಮತ್ತೊಂದು. ಬ್ರೆಡ್ಡನ್ನು ಬಿಚ್ಚಿ ಡ್ರಮ್ಮಿಗೆ ಹಾಕಿ ಅದರ ಮೇಲೆ ಫಿನಾಯಿಲ್ ಚೆಲ್ಲಿದಳು. ಮುಖವನ್ನು ಮಾತ್ರ ಬೇರೆ ಕಡೆಗೆ ತಿರುಗಿಸಿಕೊಂಡಿದ್ದಳು.

“ಏನಿದು ಅನ್ಯಾಯ” ಎಂದಳು ತುಳಸಿ. “ತಿನ್ನೋ ಅನ್ನದ ಮೇಲೆ ಫಿನಾಯಿಲ್ಲಾ? ಈ ಹೊಟ್ಟೆ ಉರಿಸೋ ಬುದ್ಧಿ ನಿಮಗೆ ಯಾರು ಕಲಿಸಿದ್ರು?”

“ಯಾರೂ ಆರಿಸ್ಕೊಂಡು ತಿನ್ನಬಾರದು ಅಂತ ಕಂಪನಿ ರೂಲ್ಸ್ರಿ. ಚಂಪಾ ಮನಿಗೆ ಹೋಗೂಮುಂದ ಅಕಿ ಚೀಲ ಸೈತ ನೋಡಿ ಬಿಡ್ತಾರ.”

“ತಾರೀಖು ಮುಗಿಯೋ ತನಕ ಯಾಕೆ ಕಾಯ್ತೀರಿ? ಮೊದಲೇ ಮಾರಬೇಕಿತ್ತು.”

ಸ್ಪೂರ್ತಿ ಅವಳನ್ನು ನೇರ ನೋಡಿದಳು. “ಮಾರಾಕಂತs ಮುಂದ ಇಡ್ತೀವ್ರಿ. ಮುಂದಿಂದು ನಾಕು ದಿನ ಹಂಗs ಕೂತಿರತೈತಿ. ಎಲ್ಲಾರೂ ಹಿಂದಿಂದ ಎಳಕೊಂಡು ಹೋಗ್ತಾರ. ತುಳಸಕ್ಕಾರ, ಸಿಟ್ಟಾಗಬ್ಯಾಡ್ರಿ. ಈ ಬುಟ್ಟಿ ತುಂಬಿಸಿದ್ದು ಕಂಪನಿ ಒಂದs ಅಲ್ಲ. ನಿಮ್ಮ ಕೈನೂ ತುಂಬಿಸೈತಿ.”

“ನಾನೊಬ್ಬಳೇನಾ ಹಾಗೆ ಮಾಡೋಳು? ಹೊಸದು ಕೇಳೋದು ನನ್ನ ಹಕ್ಕಲ್ವಾ?”

“ಹಕ್ಕೈತ್ರಿ. ವಾರಗಟ್ಲೆ ಇಡೋದಿದ್ರ ಹಿಂದಿಂದು ತಗೋರಿ, ಯಾರ್ ಬ್ಯಾಡಂತಾರ? ಆದ್ರ ಅವತ್ತs ಉಣ್ಣೋ ಮೊಸರಿಗೆ ಯಾಕ್ರಿ? ನೋಡಿ ನೋಡಿ ನನಗ ತಡಕೊಳ್ಳಾಕ ಆಗಲಿಲ್ಲ. ಮೊಸರೊಂದನ್ನ ತಿರುಗಾಮುರುಗಾ ಜೋಡಿಸಿದೆ. ತಾರೀಖು ನೋಡದs ಹಿಂದಕ್ಕ ಕೈ ಹಾಕೋರ ಕೈಗೆ ಹಳೇದು ಸಿಗಲಿ ಅಂತ. ನಿನ್ನಿ ಒಂದು ಹನಿ ಮೊಸರೂ ಚರಂಡಿಗೆ ಹೋಗಲಿಲ್ರಿ. ಆದ್ರ ಹೇಳದs ಮಾಡಿದ್ದು ತಪ್ಪು. ಅದನ್ನ ಒಪ್ಪಿಕೋತೀನಿ.”

ತುಳಸಿ ಖಾಲಿ ಪ್ಯಾಕೆಟ್ಟುಗಳ ಚೀಲವನ್ನು ಅಲ್ಲೇ ಬಿಟ್ಟು ಮನೆಗೆ ಬಂದಳು. ಸ್ಪೂರ್ತಿಯ ಮೇಲೆ ಸಿಟ್ಟು ಬಂತು. ಎಷ್ಟು ಧೈರ್ಯ ಆ ಹುಡುಗಿಗೆ! ಕಂಪನಿಯ ಮೇಲೂ ಬಂತು, ಫಿನಾಯಿಲ್ ಕಂಡುಹಿಡಿದವನ ಮೇಲೂ ಬಂತು. ಒಲೆಯ ಮುಂದೆ ನಿಂತು ಸಾರಿಗೆ ಉಪ್ಪು ಹಾಕುವಾಗ ಆ ಸಿಟ್ಟು ತಿರುಗಿ ತನ್ನ ಮೇಲೇ ಬಂತು. ಎರಡೆರಡು ಸಲ ಹಾಕಿಸಿಕೊಂಡು ತಿಂದರಲ್ಲ ಎಲ್ಲರೂ, ಅದರಲ್ಲಿ ಹಳಸಿದ್ದು ಏನಿತ್ತು? ಹಳಸಿದ ಮೊಸರು ಎಂದು ತಾನು ಆಡಿದ ಒಂದು ಸುಳ್ಳಿಗೆ, ಆ ಹುಡುಗಿ ಇಷ್ಟು ವರ್ಷ ನಿಂತು ಗಳಿಸಿದ ಕೆಲಸ ಸಂಜೆಯೊಳಗೆ ಹೋಗುತ್ತಿತ್ತು. ಸಾರಿನ ಒಲೆ ಆರಿಸಿ ಮತ್ತೆ ಚಪ್ಪಲಿ ಮೆಟ್ಟಿದಳು.

ಮೊಸರಿನ ಫ್ರಿಜ್ಜಿನ ಮುಂದೆ ಒಂದು ಸ್ಟೂಲು ಎಳೆದುಕೊಂಡು ಕೂತವಳನ್ನು ನೋಡಿ ಸ್ಪೂರ್ತಿ ಗಾಬರಿಯಾದಳು. “ಇದೇನ್ರಿ ಅಕ್ಕಾರ?”

“ನೀನು ನಿನ್ನ ಕೆಲಸ ನೋಡ್ಕೋ ಹೋಗು.”

ಮೊಸರನ್ನು ಬೆಳಿಗ್ಗೆಯೇ ಕಂಪನಿಯ ಆಜ್ಞೆಯಂತೆ ಮತ್ತೆ ಜೋಡಿಸಿದ್ದರು. ಇವತ್ತಿಗೆ ಮುಗಿಯುವ ಪ್ಯಾಕೆಟ್ಟುಗಳು ಮುಂದೆ, ಉಳಿದವು ಹಿಂದೆ. ಮೊದಲು ಬಂದ ಗೃಹಿಣಿಯ ಕೈ ಹಿಂದಿನ ಸಾಲಿಗೆ ಹೋಯಿತು. ತುಳಸಿ ತನ್ನ ಅರೆಬರೆ ಬಂಗಾಳಿಯಲ್ಲಿ ಕೇಳಿದಳು: “ದೀದಿ, ಕೊಬೆ ಖಾಬೇನ್?” ಯಾವಾಗ ತಿಂತೀರಿ?

“ಆಜ್ಕೆ” ಎಂದಳಾಕೆ. ಇವತ್ತೇ.

“ಇವತ್ತೇ ತಿನ್ನೋದಕ್ಕೆ ಇದು ಸಾಕಲ್ವಾ?” ಎಂದು ತುಳಸಿ ಹಿಂದಿಯಲ್ಲಿ ಹೇಳಿ ಮುಂದಿನದನ್ನು ಎತ್ತಿಕೊಟ್ಟಳು. ಆಕೆ ಒಂದು ಕ್ಷಣ ತಾರೀಖನ್ನೂ ತುಳಸಿಯನ್ನೂ ನೋಡಿ, ನಕ್ಕು ಬುಟ್ಟಿಗೆ ಹಾಕಿಕೊಂಡಳು.

ಎಲ್ಲರೂ ನಗಲಿಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದ ತರುಣನೊಬ್ಬ, “ಆಂಟಿ, ನೀವಿಲ್ಲಿ ಕೆಲಸಕ್ಕಿದ್ದೀರಾ?” ಎಂದು ಮುಖ ಗಂಟಿಕ್ಕಿದ.

“ಇಲ್ಲಪ್ಪ. ನಾನು ಕಂಪ್ಲೇಂಟ್ ಕೊಟ್ಟೋಳು.”

“ದುಡ್ಡು ಒಂದೇ ಆದ ಮೇಲೆ ನಾನ್ಯಾಕೆ ಹಳೇದು ತಗೊಳ್ಳಲಿ?” ಎಂದು ಅವನು ಹಿಂದಿನದನ್ನೇ ಎಳೆದುಕೊಂಡು ಹೋದ. ನಿನ್ನೆಯವರೆಗೆ ತಾನೇ ಆಡುತ್ತಿದ್ದ ಮಾತು. ಆಮೇಲೆ ಬಂದ ಒಬ್ಬ ಮುದುಕಿ, ಮಗಳ ಮನೆಗೆ ಹೋಗಿದ್ದು ಬಂದ ಮೇಲೆ ವಾರದ ಕೊನೆಗೆ ಬೇಕು ಎಂದಾಗ ತುಳಸಿಯೇ ಎದ್ದು, ತೋಳನ್ನು ಒಳಗೆ ತೂರಿಸಿ, ಕಟ್ಟಕಡೆಯದನ್ನು ತೆಗೆದುಕೊಟ್ಟಳು. ಕೇಳುವುದು, ಕೊಡುವುದು, ಬೈಸಿಕೊಳ್ಳುವುದು ಹೀಗೆಯೇ ಸಾಗಿ, ಹೊತ್ತು ಇಳಿಯುವ ವೇಳೆಗೆ ಮುಂದಿನ ಸಾಲಿನಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದವು.

ಸಂಜೆ ಧ್ರುವಬಾಬು ಬಂದ. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಟ್ಯಾಬು. ಸ್ಪೂರ್ತಿ ಕೈಕಟ್ಟಿ ನಿಂತಳು. ದೂರು ಕೊಟ್ಟ ಗ್ರಾಹಕರು ಯಾರೆಂದು ತಿಳಿದು ಅವನು ಸ್ಟೂಲಿನ ಬಳಿಗೇ ಬಂದು ಹಿಂದಿಯಲ್ಲಿ ಕ್ಷಮೆ ಕೇಳಿದ. “ಗ್ರಾಹಕರ ನಂಬಿಕೆಯೇ ನಮಗೆ ದೊಡ್ಡದು ಮೇಡಂ. ಈ ಮ್ಯಾನೇಜರ್ ಮೇಲೆ ಇವತ್ತೇ ಕ್ರಮ ಆಗುತ್ತೆ.”

“ನನ್ನ ದೂರನ್ನ ವಾಪಸ್ ತಗೊಳ್ತೀನಿ” ಎಂದಳು ತುಳಸಿ. “ಹಳಸಿದ ಮೊಸರು ಅಂದೆ. ಅದು ಸುಳ್ಳು. ತಾರೀಖು ಮುಗಿದಿರಲಿಲ್ಲ, ನಮ್ಮ ಜನ ಚಪ್ಪರಿಸಿ ತಿಂದರು. ಇದನ್ನ ಎಲ್ಲಿ ಹೇಳಬೇಕೋ ಅಲ್ಲಿ ಹೇಳ್ತೀನಿ, ನಮ್ಮ ಸಂಘದವರ ಮುಂದೆ ಕೂಡ.”

“ಆದರೂ ಹಳೇದನ್ನು ಹಿಂದೆ ಬಚ್ಚಿಟ್ಟದ್ದು ತಪ್ಪಲ್ಲವೇ?”

“ತಪ್ಪೇ. ಹಾಲನ್ನ ಚರಂಡಿಗೆ ಸುರಿಯೋದು ಏನು ಹಾಗಾದ್ರೆ? ಹಿಂದುಗಡೆ ಹೋಗಿ ನೋಡಿದ್ದೀರಾ?”

ಧ್ರುವಬಾಬುವಿನ ಮುಖ ಬಿಗಿಯಿತು. “ಅದು ಎಲ್ಲಾ ಅಂಗಡಿಗಳಲ್ಲೂ ಇರೋದೇ ಮೇಡಂ. ತಾರೀಖು ದಾಟಿದ್ದನ್ನು ಹಂಚಿ ಯಾರಿಗಾದರೂ ಹೆಚ್ಚುಕಡಿಮೆ ಆದರೆ ಕೋರ್ಟಿಗೆ ಅಲೆಯೋನು ನಾನು. ನಿಮಗೆ ಅದು ಗೊತ್ತಾಗಲ್ಲ.”

“ದಾಟಿದ್ದನ್ನ ಹಂಚಿ ಅಂತ ನಾನೆಲ್ಲಿ ಅಂದೆ? ದಾಟೋ ಮುಂಚೆ ಜನರ ಹೊಟ್ಟೆಗೆ ಸೇರಲಿ ಅಂತ ನಿಮ್ಮಲ್ಲಿ ಒಬ್ಬಳಾದರೂ ತಲೆ ಕೆಡಿಸಿಕೊಂಡಳಲ್ಲ. ಅವಳನ್ನೇ ಮನೆಗೆ ಕಳಿಸ್ತೀರಾ?”

ಅವನು ಟ್ಯಾಬಿನ ಮೇಲೆ ಬೆರಳಾಡಿಸುತ್ತ, ವರದಿ ಬರೆದು ಕಳಿಸುತ್ತೇನೆ, ಮೇಲಿನವರು ತೀರ್ಮಾನಿಸುತ್ತಾರೆ ಎಂದ. ಅಷ್ಟರಲ್ಲಿ ಅವನಿಗೆ ಫೋನ್ ಬಂತು, ಹೆಂಡತಿಯದು. ಹ್ಞೂಂ, ಹ್ಞೂಂ, ಟಕ್ ದೊಯಿ ತರ್ತೀನಿ ಎಂದು ಬಂಗಾಳಿಯಲ್ಲಿ ಹೇಳಿ ಫೋನ್ ಜೇಬಿಗಿಟ್ಟ. ಹುಳಿಮೊಸರು ಎಲ್ಲಿದೆಯೆಂದು ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ. ತುಳಸಿಯ ಪಕ್ಕದಲ್ಲೇ ಬಗ್ಗಿ, ಫ್ರಿಜ್ಜಿನೊಳಗೆ ತೋಳನ್ನು ತೂರಿಸಿದ. ಕೈ ನೇರವಾಗಿ ಹಿಂದಿನ ಸಾಲಿಗೆ ಹೋಯಿತು.

“ಧ್ರುವಬಾಬು” ಎಂದಳು ತುಳಸಿ ಮೆಲ್ಲಗೆ, “ಕೊಬೆ ಖಾಬೇನ್?”

ಕೈ ಅಲ್ಲೇ ನಿಂತಿತು. ಸ್ಪೂರ್ತಿ ನೆಲ ನೋಡುತ್ತಿದ್ದಳು. ಬಿಲ್ಲಿಂಗ್ ಕೌಂಟರಿನ ಹುಡುಗಿಯರು ಅವನನ್ನೇ ನೋಡುತ್ತಿದ್ದರು. ಅವನ ಕಿವಿ ಕೆಂಪಾಯಿತು.

“ಆಜ್” ಎಂದ.

ಹಿಂದಿನ ಸಾಲಿನಿಂದ ಕೈಯನ್ನು ಬರಿದಾಗಿಯೇ ಹೊರಗೆಳೆದು, ಮುಂದಿನ ಪ್ಯಾಕೆಟ್ಟುಗಳಲ್ಲಿ ಒಂದನ್ನು ಎತ್ತಿಕೊಂಡು ಕೌಂಟರಿಗೆ ನಡೆದ. ಸ್ಪೂರ್ತಿ ಬಿಲ್ ಮಾಡುವಾಗ ಅವಳ ಮುಖ ನೋಡದೆ ಹೇಳಿದ: “ಜೋಡಿಸೋದು ಕಂಪನಿ ಹೇಳಿದ ಹಾಗೇ ಇರಲಿ. ಬಚ್ಚಿಡೋ ಕೆಲಸ ಇನ್ನು ಬೇಡ. ಗ್ರಾಹಕರು ದೂರು ವಾಪಸ್ ತಗೊಂಡರು ಅಂತಷ್ಟೇ ಬರೀತೀನಿ. ನಾಳೆ ಬೆಳಿಗ್ಗೆ ಎಂದಿನ ಹಾಗೆ ಅಂಗಡಿ ನೀನೇ ತೆಗಿ.”

ಅವನು ಹೋದ ಮೇಲೆ ಸ್ಪೂರ್ತಿ ತುಳಸಿಯ ಬಳಿ ಬಂದಳು. ಏನೋ ಹೇಳಬೇಕೆಂದಿದ್ದಳು. ತುಳಸಿ ಅದಕ್ಕೆ ಅವಕಾಶ ಕೊಡಲಿಲ್ಲ. ಉಳಿದಿದ್ದ ಮುಂದಿನ ಸಾಲಿನ ಮೊಸರನ್ನೆಲ್ಲ ಮಜ್ಜಿಗೆ ಹುಳಿಗಾಯಿತೆಂದು ತನ್ನ ಬುಟ್ಟಿಗೆ ತುಂಬಿಕೊಂಡಳು. ಆಮೇಲೆ ಸ್ಟೂಲನ್ನು ಎತ್ತಿ ಒಯ್ದು ಬ್ರೆಡ್ಡಿನ ಕಪಾಟಿನ ಮುಂದೆ ಇಟ್ಟು ಕೂತಳು.