ಕಾಲುಂಗುರ ಕಂಡರೂ ಕೂಗುವ ನಾನು

ನಾನು ಒಂದು ಮೆಟಲ್ ಡಿಟೆಕ್ಟರ್. ಮಣ್ಣಿನಲ್ಲಿ ಲೋಹ ಹುದುಗಿದ್ದರೆ ಕೂಗಿ ಹೇಳುವುದು ನನ್ನ ಕಸುಬು. ನಾನು ದೊಡ್ಡ ಕಾರ್ಖಾನೆಯಲ್ಲಿ ಹುಟ್ಟಿದ ಶ್ರೀಮಂತ ಯಂತ್ರವಲ್ಲ. ಗದಗಿನ ರೇಡಿಯೊ ರಿಪೇರಿ ಅಂಗಡಿಯೊಂದರಲ್ಲಿ ದಾದಾಪೀರ ಎಂಬ ಮೆಕ್ಯಾನಿಕ್ ನನ್ನನ್ನು ಕೈಯಾರೆ ಕಟ್ಟಿದ. ನೀರಿನ ಪೈಪು ನನ್ನ ಮೈ. ಊಟದ ತಟ್ಟೆಯಷ್ಟಗಲದ ಪ್ಲಾಸ್ಟಿಕ್ ಮುಚ್ಚಳದೊಳಗೆ ಸುತ್ತಿದ ತಾಮ್ರದ ತಂತಿ ನನ್ನ ಪಾದ. ಕೆಟ್ಟುಹೋದ ಟೇಪ್ ರೆಕಾರ್ಡರಿನ ಸ್ಪೀಕರು ನನ್ನ ಗಂಟಲು. ನೋಡಲು ಚೆಂದವಿರಲಿಲ್ಲ, ಒಪ್ಪುತ್ತೇನೆ. ಆದರೆ ದಾದಾಪೀರ ತನ್ನ ಬೆಳ್ಳಿಯುಂಗುರವನ್ನು ನನ್ನ ಮುಂದೆ ಆಡಿಸಿದಾಗ ನಾನು ಕಿರುಚಿದ ರಭಸಕ್ಕೆ ಪಕ್ಕದ ಚಹಾದಂಗಡಿಯವನ ಕೈಯ ಕಪ್ಪು ಬಿದ್ದೇಹೋಯಿತು.

ನನ್ನನ್ನು ಮೊದಲು ಕೊಂಡವನು ಸಂಗನಬಸಪ್ಪ. ಅವನಿಗೆ ನಿಧಿಯ ಹುಚ್ಚು. ಪಾಳುಗೋಡೆ ಕಂಡಲ್ಲೆಲ್ಲ ನನ್ನನ್ನು ಒಂದು ವರ್ಷ ಎಳೆದಾಡಿದ. ಸಿಕ್ಕಿದ್ದು ಎತ್ತಿನ ಲಾಳ, ಮುರಿದ ಕುಡುಗೋಲು, ಒಂದು ಟಾರ್ಚಿನ ಮುಚ್ಚಳ. ನೆಲದಲ್ಲಿ ಇಲ್ಲದ್ದನ್ನು ನಾನು ಎಲ್ಲಿಂದ ತರಲಿ? ಆದರೂ ಬೈಗುಳ ನನಗೇ. ಕೊನೆಗೆ ಅಗೆಯಬಾರದ ಕಡೆ ಅಗೆದು ಪೊಲೀಸರ ಕೈಗೆ ಸಿಕ್ಕಿಬಿದ್ದ. ಮುಚ್ಚಳಿಕೆ ಬರೆದುಕೊಟ್ಟು ಹೊರಬಂದವನೇ ನನ್ನನ್ನು ಗುಜರಿ ಅಂಗಡಿಗೆ ಎಸೆದ.

ಅಲ್ಲಿ ಹಳೇ ಪೇಪರು ಹಾಕಲು ಬಂದ ಇಂದುಮತಿ ಅಕ್ಕೋರು ನನ್ನನ್ನು ಕಂಡರು. ನಮ್ಮ ಕಡೆ ಅಕ್ಕೋರು ಅಂದರೆ ಟೀಚರು. ಮೂವತ್ತು ವರ್ಷ ಹುಡುಗಿಯರಿಗೆ ಖೋಖೋ ಕಲಿಸಿ ನಿವೃತ್ತರಾಗಿದ್ದರು.

"ಆಟದ ಬಯಲಾಗ ಹುಡುಗ್ಯಾರು ಗೆಜ್ಜಿ, ಉಂಗುರ ಕಳಕೊಂಡು ಅತ್ತದ್ದನ್ನ ಭಾಳ ನೋಡೀನಿ. ಇದನ್ನ ನನಗ ಕೊಡು" ಎಂದರು.

ಅಂದಿನಿಂದ ನನ್ನ ದೆಸೆಯೇ ತಿರುಗಿತು. ದಿನಾ ಬೆಳಿಗ್ಗೆ ಊರಿನ ಒಂದೊಂದು ಆಟದ ಮೈದಾನ. ಜಾರುಬಂಡೆಯ ಬುಡ, ಜೋಕಾಲಿಯ ಕೆಳಗಿನ ಮರಳು, ಮಕ್ಕಳು ತಲೆಕೆಳಗಾಗಿ ನೇತಾಡುವ ಕಂಬಿಗಳ ಅಡಿ. ಚಿಲ್ಲರೆ ಸಿಕ್ಕರೆ ಮಕ್ಕಳ ಚೆಂಡಿಗೆ. ಒಡವೆ ಸಿಕ್ಕರೆ ಗೇಟಿನ ಮೇಲೆ ಚೀಟಿ: ಗುರುತು ಹೇಳಿ ಒಯ್ಯಿರಿ.

ನನ್ನ ಮಾತನ್ನು ಅಕ್ಕೋರು ಬೇಗ ಕಲಿತರು. ಬೆಳ್ಳಿಗೆ ನಾನು ಕಿರುಚುತ್ತೇನೆ, ಕಬ್ಬಿಣಕ್ಕೆ ಗೊಣಗುತ್ತೇನೆ. ಚಿಕ್ಕ ಬಂಗಾರಕ್ಕೆ ಮಾತ್ರ ಮೆಲ್ಲಗೆ ಗುಂಯ್ ಅನ್ನುತ್ತೇನೆ. ಚಾಕಲೇಟಿನ ಬೆಳ್ಳಿಹಾಳೆಗೂ ಅದೇ ಗುಂಯ್. ಇದು ನನ್ನ ಹುಟ್ಟುಗುಣ, ಏನು ಮಾಡಲಿ? ಅದಕ್ಕೇ ಅಕ್ಕೋರು ಒಂದು ಗುಂಯ್ ಅನ್ನೂ ಬಿಡದೆ ಅಗೆಯುತ್ತಿದ್ದರು. ಬಕೀಟು ತುಂಬ ಚಾಕಲೇಟು ಹಾಳೆ. "ಅಕ್ಕೋರು ಕಸಾ ಆರಸಾಕ ನಿಂತಾರ" ಎಂದು ಜನ ನಗುತ್ತಿದ್ದರು. ಅವರು ತಲೆಕೆಡಿಸಿಕೊಳ್ಳಲಿಲ್ಲ. ನನಗೆ ಮಾತ್ರ ಮೈ ಉರಿಯುತ್ತಿತ್ತು.

ಒಂದು ಶನಿವಾರ ಬೆಳಿಗ್ಗೆ ಫಕೀರವ್ವ ಅಕ್ಕೋರ ಮನೆಗೆ ಓಡಿ ಬಂದಳು. ಅವಳು ಶಿಶುವಿಹಾರವೊಂದರ ಆಯಾ. ಹನ್ನೊಂದು ವರ್ಷದಿಂದ ಊರ ಮಕ್ಕಳ ಮೂಗು ಒರೆಸಿ, ತಲೆ ಬಾಚಿ, ಡಬ್ಬಿಯ ಊಟ ತಿನ್ನಿಸಿದವಳು. ಪೂರ್ವಿ ಎಂಬ ನಾಲ್ಕು ವರ್ಷದ ಕೂಸಿನ ಒಂದು ಕಿವಿಯ ಬಂಗಾರದ ರಿಂಗು ಕಾಣೆಯಾಗಿತ್ತು. ತಲೆ ಬಾಚಿದವಳೇ ಕದ್ದಿದ್ದಾಳೆ ಎಂದು ತಾಯಿ ಶೈಲಜಾ ಹಟ ಹಿಡಿದಿದ್ದಳು. ಇವತ್ತು ಸಿಗದಿದ್ದರೆ ಸೋಮವಾರದಿಂದ ಬರಬೇಡ ಎಂದು ಶಾಲೆಯವರು ಹೇಳಿಬಿಟ್ಟಿದ್ದರು.

"ಕೆಲಸಾ ಹೋದ್ರ ಹೋಗ್ಲಿ ಅಕ್ಕೋರ. ಕಳ್ಳಿ ಅನ್ನಿಸ್ಕೊಂಡು ಯಾರ ಮನಿ ಬಾಗಲಾ ತುಳೀಲಿ?" ಎಂದು ಅತ್ತಳು.

ಅಕ್ಕೋರು ಚಹಾ ಕೂಡ ಕುಡಿಯದೆ ನನ್ನನ್ನು ಹೆಗಲಿಗೇರಿಸಿದರು.

ನಾವು ಹೋಗುವಷ್ಟರಲ್ಲಿ ಶಿಶುವಿಹಾರದ ಅಂಗಳ ತಾಯಂದಿರಿಂದ, ಮಕ್ಕಳಿಂದ ತುಂಬಿತ್ತು. ಎಲ್ಲರೂ ನನ್ನ ಸುತ್ತಲೇ ಮುಗಿಬಿದ್ದರು. "ಇಲ್ಲೇ ಜೋಕಾಲಿ ಆಡಿತ್ರಿ ಕೂಸು" ಎಂದು ಫಕೀರವ್ವ ಜಾಗ ತೋರಿಸಲು ಮುಂದೆ ಬಂದಳು. ನನ್ನ ಪಾದ ಅವಳ ಪಾದದ ಬಳಿ ಹಾದದ್ದೇ ತಡ, ನಾನು ಕಿಟಾರನೆ ಕಿರುಚಿದೆ.

"ನೋಡ್ರೀ! ಅಕಿ ಮೈಮ್ಯಾಗೇ ಐತಿ! ಮಿಷಿನ್ನು ಸುಳ್ಳು ಹೇಳತೈತೇನು?" ಎಂದು ಶೈಲಜಾ ಕೈಮಾಡಿ ತೋರಿಸಿದಳು.

ನೆಲ ಬಾಯಿಬಿಡಬಾರದೇ ಅನ್ನಿಸಿತು ನನಗೆ. ನಾನು ಕೂಗಿದ್ದು ಫಕೀರವ್ವನ ಬೆಳ್ಳಿಯ ಕಾಲುಂಗುರಕ್ಕೆ. ಆದರೆ ನನಗೆ ಬರುವುದು ಕೂಗೊಂದೇ, ಯಾಕೆ ಕೂಗಿದೆ ಎಂದು ಹೇಳಲು ಬಾಯಿಯಿಲ್ಲ. ಫಕೀರವ್ವನ ಮುಖ ಕಪ್ಪಿಟ್ಟಿತು. ಮರಳಲ್ಲಿ ಕುಳಿತು ಕಾಲುಂಗುರ ತೆಗೆಯತೊಡಗಿದಳು. ಗಂಡ ಬದುಕಿರುವ ಹೆಂಗಸು ನಾಲ್ಕು ಜನರೆದುರು ಅದನ್ನು ತೆಗೆಯುವುದೆಂದರೇನು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಏಳವ್ವಾ, ತಗೀಬ್ಯಾಡ" ಎಂದರು ಅಕ್ಕೋರು. ನನ್ನನ್ನು ನೇರ ಶೈಲಜಾಳ ಕಾಲಿನಿಂದ ಸೊಂಟದವರೆಗೆ ಆಡಿಸಿದರು. ಕಾಲುಂಗುರ, ಗೆಜ್ಜೆ, ಚಪ್ಪಲಿಯ ಬಕ್ಕಲು, ಸೊಂಟದಲ್ಲಿ ಬೀಗದ ಕೈ ಗೊಂಚಲು. ನಾನು ಜೀವಮಾನದಲ್ಲಿ ಅಷ್ಟು ಜೋರಾಗಿ ಕೂಗಿರಲಿಲ್ಲ. ಬೇಕೆಂದೇ ಇನ್ನಷ್ಟು ಎಳೆದೆ ಎಂದರೂ ಸುಳ್ಳಲ್ಲ.

"ಈಗ ನಿಮ್ಮನ್ನೂ ಹುಡಕೂಣೇನ್ರಿ?" ಎಂದರು ಅಕ್ಕೋರು.

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಶೈಲಜಾ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. ಅಕ್ಕೋರು ಕಾಲಿನಿಂದ ಮರಳಿನಲ್ಲಿ ಉದ್ದ ಗೆರೆ ಎಳೆದು, ಖೋಖೋ ಪಂದ್ಯದ ದನಿಯಲ್ಲಿ ಗದರಿದರು: "ಎಲ್ಲಾರೂ ಗೆರಿ ಹೊರಗ!" ಒಬ್ಬೊಬ್ಬರೂ ಹಿಂದೆ ಸರಿದರು.

ಆಮೇಲೆ ನಾವಿಬ್ಬರೇ. ಅಕ್ಕೋರು ಅಂಗುಲ ಅಂಗುಲ ಸರಿಯುತ್ತ ಬಂದರು. ಗುಂಯ್. ಅಗೆದರೆ ಚಾಕಲೇಟು ಹಾಳೆ. ಗುಂಯ್. ಮತ್ತೆ ಹಾಳೆ. ಬಿಸಿಲೇರಿತು. ಜೋಕಾಲಿಯ ಕೆಳಗೆ ಏನೂ ಸಿಗಲಿಲ್ಲ. ಅಕ್ಕೋರು ಬೆವರೊರೆಸಿಕೊಂಡು, ಮಕ್ಕಳು ಜೋಕಾಲಿ ನಿಲ್ಲಿಸಲು ಕಾಲೂರಿದಾಗ ಮರಳು ಎತ್ತ ಹಾರುತ್ತದೆ ಎಂದು ಲೆಕ್ಕ ಹಾಕಿದರು. ಅತ್ತ ನಾಲ್ಕು ಹೆಜ್ಜೆ ನಡೆದರು.

ಗುಂಯ್.

"ಮತ್ತ ಚಾಕಲೇಟ ಹಾಳಿನ!" ಎಂದಳು ಶೈಲಜಾ ಗೆರೆಯಾಚೆಯಿಂದ. ಹಾಳೆಯೇ ಬಂತು. ಬೇರೆ ಯಾರಾದರೂ ಎದ್ದು ಮುಂದೆ ಹೋಗುತ್ತಿದ್ದರು. ಅಕ್ಕೋರು ಹಾಳೆಯನ್ನು ಬಕೀಟಿಗೆ ಹಾಕಿ, ಅದೇ ಕುಳಿಯ ಮೇಲೆ ನನ್ನನ್ನು ಮತ್ತೊಮ್ಮೆ ಆಡಿಸಿದರು. ನಾನು ಮತ್ತೆ ಗುಂಯ್ ಅಂದೆ. ಅವರು ಬೆರಳಿಳಿಸಿ ಮರಳು ಕೆದಕಿದರು. ಹುಣಸೆ ಬೀಜಕ್ಕಿಂತ ಚಿಕ್ಕದಾದ ಬಂಗಾರದ ರಿಂಗು ಬಿಸಿಲಿಗೆ ಫಳ್ಳೆಂದಿತು!

ಅಂಗಳವೆಲ್ಲ ಹೋ ಎಂದಿತು. ಗೆರೆ ದಾಟಿ ಬಂದ ಶೈಲಜಾ ಕೈಚಾಚಿದಳು. ಅಕ್ಕೋರು ರಿಂಗನ್ನು ಫಕೀರವ್ವನ ಅಂಗೈಯಲ್ಲಿಟ್ಟರು. ಫಕೀರವ್ವ ಮುಷ್ಟಿ ಮುಚ್ಚಿದಳು.

"ನಿಮ್ಮ ಕೈಯಾಗ ಕೊಡಂಗಿಲ್ರೀ ಅಮ್ಮಾರ. ಯಾವ ಕಿವಿಯಿಂದ ಬಿದ್ದೈತಿ, ಆ ಕಿವಿಗೇ ಹಾಕ್ತೀನಿ."

ಪೂರ್ವಿ ಓಡಿಬಂದು ಅವಳ ತೊಡೆಯೇರಿ ಕುಳಿತಿತು. ಫಕೀರವ್ವ ರಿಂಗನ್ನು ಸೆರಗಿನಿಂದ ಒರೆಸಿ, ಕೂಸಿಗೆ ನೋಯದ ಹಾಗೆ ತೊಡಿಸಿದಳು. ಶೈಲಜಾ ಎಲ್ಲರೆದುರು, "ತಪ್ಪಾತು ಫಕೀರವ್ವಾ, ನನ್ನ ನಾಲಗಿ ಭಾಳ ಉದ್ದ ಆತು" ಎಂದಳು. ನನಗೆ ಅದಕ್ಕಿಂತ ಇಂಪಾದ ಸದ್ದು ಇವತ್ತಿಗೂ ಕೇಳಿಸಿಲ್ಲ.

ಮೊಣಕಾಲು ನೋವು ಹೆಚ್ಚಿದ ಮೇಲೆ ಅಕ್ಕೋರು ನನ್ನನ್ನು ಫಕೀರವ್ವನಿಗೇ ಕೊಟ್ಟರು. ಅವಳು ಕೆಲಸಕ್ಕೆ ಹೋಗುವ ಮುಂಚೆ ನನ್ನನ್ನು ಹಿಡಿದು ಮೈದಾನ ಸುತ್ತುತ್ತಾಳೆ. ಅಕ್ಕೋರಿಗಿಂತ ಚುರುಕು. ನನ್ನ ಮುಚ್ಚಳ ಬಿರುಕು ಬಿಟ್ಟಿದೆ, ಗಂಟಲು ಒಡೆದಿದೆ. ಉಳಿದ ಹೊತ್ತು ಶಿಶುವಿಹಾರದ ಆಟಿಕೆಗಳ ಕೋಣೆಯಲ್ಲೇ ಒರಗಿ ಕೂತಿರುತ್ತೇನೆ. ನಿಧಿ ಹುಡುಕಿದವನ ಕೈಯಲ್ಲಿ ನಾನು ಏನೂ ಆಗಿರಲಿಲ್ಲ. ಮಕ್ಕಳ ಮರಳಿನಲ್ಲಿ ಬೆಲೆ ಬಂತು.

ಮೊನ್ನೆ ಒಬ್ಬ ತಾಯಿ ಗಾಬರಿಯಿಂದ ಅಂಗಳಕ್ಕೆ ಬಂದಳು. ಮಗಳ ಕಾಲ್ಗೆಜ್ಜೆ ಕಾಣೆಯಾಗಿತ್ತು. ಆಫೀಸಿಗೂ ಹೋಗದೆ, ಟೀಚರನ್ನೂ ಕೇಳದೆ, ನೇರ ಒಂದೇ ಹೆಸರು ಹಿಡಿದು ಕೂಗಿದಳು.

"ಫಕೀರವ್ವಾ! ನೀನೇ ಬಾರವ್ವಾ, ನೀನಾದ್ರ ಹುಡುಕಿ ಕೊಡ್ತೀ!"