ಪೆಟ್ಟಿಗೆಯ ಬಾಯಿ

ಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡು ಕೂತುಬಿಟ್ಟಿತು. ಅರ್ಧ ಒಳಗೆ, ಅರ್ಧ ಹೊರಗೆ. ಹೊರಗೆ ಲಿಂಗಸುಗೂರಿನ ಬಿಸಿಲು, ಗಾಡಿ ಹೂಡಿಕೊಂಡು ಬಂದ ಆದೆಪ್ಪ, ಜೊತೆಗೆ ಕೆಲಸ ಬಿಟ್ಟು ನೋಡಲು ನಿಂತ ಅರ್ಧ ಓಣಿ. ಒಳಗೆ ಸುಭಾನಬಿ ಒಬ್ಬಳೇ. ಆ ಮನೆಗೆ ಇದ್ದದ್ದು ಅದೊಂದೇ ಬಾಗಿಲು.

"ಇನ್ನ ನಾ ಹೊರಗ ಬರಾದು ಹ್ಯಾಂಗ?" ಎಂದು ಅವಳು ಒಳಗಿನಿಂದ ಕೂಗಿದಳು. "ಮ್ಯಾಳಿಗಿ ಒಡದು ಏರಿ ಬರ್ಲೇನು?"

ಹೊರಗಿದ್ದ ಅವಳ ಗಂಡ ಅಮೀನ್‌ಸಾಬ್ ಬಡಗಿ ದಾದೇಸಾಬನ ಮುಖ ನೋಡುತ್ತಿದ್ದ. ತೇಗದ ಹಲಗೆ ತಂದು, ಮನೆಯ ನಡುಕೋಣೆಯಲ್ಲೇ ಕೂತು, ಆ ಪೆಟ್ಟಿಗೆಯನ್ನು ಕಟ್ಟಿದವನು ಅವನೇ.

"ನನ್ನನ್ಯಾಕ ನೋಡ್ತೀರಿ?" ಎಂದ ದಾದೇಸಾಬ. "ಪೆಟಿಗಿ ಅಳತಿ ಹೇಳಿದ್ರಿ, ಮಾಡಿಕೊಟ್ಟೆ. ಬಾಗಲದ ಅಳತಿ ಯಾರು ಹೇಳಿದ್ರು?"

ಓಣಿ ನಕ್ಕಿತು. ಅಮೀನ್‌ಸಾಬನಿಗೆ ನಗು ಬರಲಿಲ್ಲ. ಸಿಂಧನೂರಿನ ಬಸ್ಸಿಗೆ ಹೊತ್ತಾಗಿತ್ತು.

ಪೆಟ್ಟಿಗೆಯೊಳಗೆ ಇದ್ದದ್ದು ಒಂದು ಲೌಡ್‌ಸ್ಪೀಕರು. ಮದುವೆ ಮನೆಯ ಚಪ್ಪರಕ್ಕೆ ಕಟ್ಟುವ ತಗಡಿನ ತುತ್ತೂರಿಯಲ್ಲ, ಟೆಂಟ್ ಸಿನೆಮಾದ ಸ್ಪೀಕರು. ಹಿಂದೆ ಕುಂಬಳಕಾಯಿ ಗಾತ್ರದ ಅಯಸ್ಕಾಂತ, ಮುಂದೆ ಕಾಗದದ ದೊಡ್ಡ ಬಟ್ಟಲು. ಆ ಕಾಗದ ನಡುಗಿದರೆ ಮಾತು, ಹಾಡು, ಗುಡುಗು ಎಲ್ಲ. ಟೆಂಟಿನ ಮಾಲೀಕ ಕರೀಂಸಾಬ್ ನಿಜಾಮನ ಮೇಲೆ ಪೊಲೀಸ್ ಆಕ್ಷನ್ ಆದಮೇಲೆ ಹೈದರಾಬಾದಿಗೆ ಹೊರಟಾಗ ಸಿನೆಮಾ ತೋರಿಸುವ ಮಷೀನು, ಕುರ್ಚಿ, ತೇಪೆಯ ಟೆಂಟು ಎಲ್ಲ ಒಯ್ದ. ಇದೊಂದನ್ನು ಹೊತ್ತವರು ನಾಲ್ಕು ಹೆಜ್ಜೆ ಇಟ್ಟು ಕೆಳಗಿಳಿಸಿದರು. "ಇಟ್ಕೋರಿ ಅಮೀನ್‌ಮಿಯಾ, ನನ್ನ ನೆನಪಿಗೆ" ಎಂದು ಕರೀಂಸಾಬ್ ದೊಡ್ಡ ಮನಸ್ಸು ಮಾಡಿದ. ಹೊರಲಾರದ್ದನ್ನು ದಾನ ಮಾಡುವುದು ಸುಲಭ.

ಆ ಟೆಂಟಿನಲ್ಲಿ ಮಷೀನು ಓಡಿಸುತ್ತಿದ್ದ ಅಮೀನ್‌ಸಾಬ್ ಅಂದಿನಿಂದ ಹಾಗೂ ಹೀಗೂ ದಿನ ದಬ್ಬಿದ್ದ. ಗ್ರಾಮೋಫೋನು ರಿಪೇರಿ, ಮದುವೆಗೆ ಹಾಡು ಹಾಕುವುದು, ಒಮ್ಮೆ ಚುನಾವಣೆಯ ಭಾಷಣ. ಅದೂ ನಿಂತಮೇಲೆ ಉಳಿದದ್ದು ಹಟ್ಟಿಯ ಚಿನ್ನದ ಗಣಿ. ಅಲ್ಲಿ ಭೂಮಿಯೊಳಗೆ ಇಳಿಯಲು ಆಳು ಬೇಕೆಂದು ಯಾವಾಗಲೂ ಕರೆಯುತ್ತಿದ್ದರು. ಸುಭಾನಬಿಯ ಅಪ್ಪ ಅಲ್ಲೇ ದುಡಿದು, ಕೆಮ್ಮಿ ಕೆಮ್ಮಿ, ಕಡೆಗೆ ಕೆಮ್ಮುವುದಕ್ಕೂ ಶಕ್ತಿಯಿಲ್ಲದೆ ಹೋಗಿಬಿಟ್ಟಿದ್ದ. "ಹಟ್ಟಿ ಅನ್ನೋ ಹೆಸರು ಬಾಯಾಗ ತಗೀಬ್ಯಾಡ್ರಿ" ಎಂದು ಅವಳು ಗಂಡನ ಕೈ ಹಿಡಿದು ಹೇಳಿದ್ದಳು.

ಅಷ್ಟರಲ್ಲಿ ತುಂಗಭದ್ರೆಯ ಕಾಲುವೆಗೆ ನೀರು ಬಂತು. ಸಿಂಧನೂರಿನ ಕಡೆ ಜನ ಸೇರಿದರು. ಸೇರಿದವರಿಗೆ ಸಂಜೆ ಹೊತ್ತು ಹೋಗಬೇಕಲ್ಲ. ಅಲ್ಲಿನ ಹತ್ತಿ ವ್ಯಾಪಾರಿ ಅಮರಗುಂಡಪ್ಪ ತನ್ನ ಗೋದಾಮನ್ನೇ ಟಾಕೀಜು ಮಾಡಲು ಹೊರಟ. ಮಷೀನು ಅವನ ಹತ್ತಿರ ಇತ್ತು, ದನಿ ಇರಲಿಲ್ಲ. "ಪೆಟಿಗಿ ತಗೊಂಡು ಬಾ. ಅದು ಚೊಲೊ ಹಾಡಿದ್ರ ನೀನೂ ಇಲ್ಲೇ ಇದ್ದುಬಿಡು" ಎಂದು ಹೇಳಿ ಕಳಿಸಿದ್ದ. ಆ ಮಾತಿನ ಮೇಲೆಯೇ ಅಮೀನ್‌ಸಾಬ್ ಗೆದ್ದಲು ತಿಂದ ಹಳೆ ಪೆಟ್ಟಿಗೆ ಎಸೆದು ಹೊಸದು ಮಾಡಿಸಿದ್ದ. ಮುಂದುಗಡೆಗೆ ಕೆಂಪು ಮಖಮಲ್ಲು, ಹಿಂದುಗಡೆಗೆ ತಿರುಪು ಹಾಕಿದ ಹಲಗೆ. ಶುಕ್ರವಾರ ಮೊದಲ ಆಟ.

ಇಂಥಾದ್ದನ್ನು ಬಸ್ಸಿನ ಮೇಲೆ ಹಾಕಲು ಕಂಡಕ್ಟರು ಒಪ್ಪಲಿಲ್ಲ. "ಇದನ್ನ ಹೇರಿದ್ರ ಬಸ್ಸಿನ ನೆತ್ತಿ ಕೆಳಗ ಬರತೈತಿ" ಎಂದ. ಹಾಗಾಗಿ ಆದೆಪ್ಪನ ಗಾಡಿ. ಗಾಡಿಯ ಜೊತೆಗೇ ಹೋಗಬೇಕೆಂದು ಅಮೀನ್‌ಸಾಬನಿಗೆ ಆಸೆ. ಆದರೆ ಪೆಟ್ಟಿಗೆ ಬರುವುದರೊಳಗೆ ಗೋದಾಮಿನಲ್ಲಿ ತಂತಿ ಎಳೆದು ಮುಗಿಸಬೇಕಿತ್ತು.

ದಾದೇಸಾಬ ಗೊಣಗುತ್ತಲೇ ಬಾಗಿಲಿನ ಚೌಕಟ್ಟು ಕೀಳಲು ಕೂತ. ಒಂದು ಪಟ್ಟಿ ಬಂತು, ಇನ್ನೊಂದು ಬರಲಿಲ್ಲ. ಅಷ್ಟರಲ್ಲಿ ಬಸ್ಸು ಹಾರ್ನು ಹೊಡೆಯಿತು.

"ಆದೆಪ್ಪ, ಮೂರು ಮಾತು ನೆನಪಿಡು" ಎಂದು ಅಮೀನ್‌ಸಾಬ್ ಓಡುತ್ತಲೇ ಹೇಳಿದ. "ನಿಂದ್ರಿಸಿದ್ರ ಉರುಳತೈತಿ, ಮಲಗಿಸು. ಬಾಯಿ ಮ್ಯಾಲ ಇರಬೇಕು. ಕೆಳಗ ಮೆತ್ತಗ ಹಾಸು."

"ಬಾಯಿ ಮ್ಯಾಲ ಇರಬೇಕು ಅಂತ ನನಗ ಹೇಳ್ತೀರೇನು?" ಆದೆಪ್ಪನಿಗೆ ಸಿಟ್ಟೇ ಬಂತು. "ನನ್ನ ಮೀಸಿ ಮೂಡಿದಾಗಿಂದ ಚೀಲ ಹೇರಾಕತ್ತೀನಿ. ಬಾಯಿ ಕೆಳಗ ಮಾಡಿದ್ದು ಒಂದರ ತೋರಸ್ರಿ ನೋಡೂಣು."

ಅಮೀನ್‌ಸಾಬ್ ಬಸ್ಸು ಹತ್ತಿದ. ಕೂತದ್ದು ಸೀಟಿನ ಮೇಲೆ, ಜೀವ ಗಾಡಿಯ ಮೇಲೆ. ಬಸ್ಸು ತಗ್ಗಿಗೆ ಇಳಿದಾಗಲೆಲ್ಲ ಹಿಂದೆ ಬರುತ್ತಿರುವ ಪೆಟ್ಟಿಗೆಯೂ ಇದೇ ತಗ್ಗಿಗೆ ಇಳಿಯುತ್ತದಲ್ಲ ಎಂದು ಹಲ್ಲು ಕಚ್ಚುತ್ತಿದ್ದ. ಪಕ್ಕದಲ್ಲಿದ್ದ ಮುದುಕಿ, "ಹೊಟ್ಟಿ ನೋಯ್ತೈತೇನಪ್ಪಾ?" ಎಂದು ಕೇಳಿದಳು. ನಡುದಾರಿಯ ಮಸ್ಕಿ ಬರುವ ಹೊತ್ತಿಗೆ ತಾಳಲಾಗಲಿಲ್ಲ. ತಂತಿ ಎಳೆಯುವುದು ಒಂದು ಗಳಿಗೆಯ ಕೆಲಸ, ನಾಳೆ ಹೋಗಿಯೂ ಎಳೆಯಬಹುದು ಎಂದು ತನಗೆ ತಾನೇ ಹೇಳಿಕೊಂಡು ಇಳಿದೇಬಿಟ್ಟ.

ಮಸ್ಕಿಯಲ್ಲಿ ಹಳ್ಳದ ಹತ್ತಿರ ಒಂದು ಬೇವಿನ ಮರದ ಕೆಳಗೆ ಕೂತ. ಎದ್ದ. ಚಹಾ ಕುಡಿದ. ರಸ್ತೆಗೆ ಹೋಗಿ ನೋಡಿ ಬಂದ. ಮತ್ತೆ ಚಹಾ ಕುಡಿದ. ಗಾಡಿಯೆಂದು ಓಡಿಹೋದರೆ ಅದು ಗಡಿಗೆ ಹೇರಿಕೊಂಡ ಕುಂಬಾರರ ಗಾಡಿ. ಗಡಿಗೆಗಳು ಒಂದೂ ಒಡೆಯದೆ ಬಂದದ್ದು ನೋಡಿ ಸ್ವಲ್ಪ ಸಮಾಧಾನವಾಯಿತು. ಗುಡ್ಡದ ನೆರಳು ಊರ ಮೇಲೆ ಬೀಳುವ ಹೊತ್ತಿಗೆ ಆದೆಪ್ಪನ ಗಾಡಿ ಬಂತು. ಆದೆಪ್ಪ ಹಾಡುತ್ತಾ ಬರುತ್ತಿದ್ದ.

ಅಮೀನ್‌ಸಾಬ್ ಗಾಲಿಯ ಮೇಲೆ ಕಾಲಿಟ್ಟು ಏರಿ, ಹೊದಿಸಿದ್ದ ಗೋಣಿ ಸರಿಸಿದ. ಕೆಂಪು ಮಖಮಲ್ಲು ಕಾಣಬೇಕಿದ್ದಲ್ಲಿ ಹಿಂದಿನ ಹಲಗೆ ಕಂಡಿತು.

"ಆದೆಪ್ಪಾ! ಬಾಯಿ ಮ್ಯಾಲ ಅಂತ ಹೇಳಿದ್ದಿಲ್ಲೇನೋ?"

"ಮ್ಯಾಲೇ ಐತೆಲ್ರಿ!" ಆದೆಪ್ಪ ಗಾಡಿ ಏರಿ, ತಿರುಪು ಹಾಕಿದ ಹಲಗೆಯನ್ನು ತಟ್ಟಿ ತೋರಿಸಿದ. "ಇದು ಬಾಯಿ ಅಲ್ಲೇನು? ಇಲ್ಲೇ ಅಲ್ಲೇನು ಬಿಚ್ಚಾದು?"

"ಬಟ್ಟಿ ಹಚ್ಚಿದ ಕಡೆ ಬಾಯಿ! ದನಿ ಬರೂ ಕಡೆ!"

"ಅದಾ?" ಆದೆಪ್ಪ ನಿಜವಾಗಿಯೂ ಬೆರಗಾದ. "ಮೆತ್ತನ್ನ ಮಖಮಲ್ಲು ಹಚ್ಚಿದ್ರಿ. ಕೂಡ್ರಾಕ ಗಾದಿ ಹಾಕಿಸ್ಯಾರ, ಅದು ಬುಡ ಅಂದ್ಕೊಂಡೆ. ದಾದೇಸಾಬನೂ ಹೂಂ ಅಂದ."

ಚೀಲಕ್ಕೆ ಬಿಚ್ಚುವ ಕಡೆ ಬಾಯಿ. ಅದು ಗಾಡಿಯವನಿಗೆ ಗೊತ್ತು. ಹಾಡುವ ಪೆಟ್ಟಿಗೆಯ ಬಾಯಿ ಬೇರೆ ಕಡೆ ಇರುತ್ತದೆಂದು ಅವನಿಗೆ ಯಾರು ಹೇಳಿದ್ದರು? ಇಬ್ಬರೂ ದಾರಿಹೋಕರನ್ನು ಕರೆದು ಪೆಟ್ಟಿಗೆ ಎತ್ತಿ ಮಗುಚಿದರು. ಮೆತ್ತಗಿರಲೆಂದು ಆದೆಪ್ಪ ಕೈಬಿಚ್ಚಿ ಕಣಿಕೆ ಹಾಸಿದ್ದ. ಜೋಳದ ದಂಟು ಮೇಲೆ ಮೆತ್ತಗೆ, ಕುಡುಗೋಲು ಬಿದ್ದ ಬುಡದಲ್ಲಿ ಚಾಕುವಿನಂತೆ ಚೂಪು. ಅಂಥ ಒಂದು ದಂಟು ಮಖಮಲ್ಲು ತೂರಿ ಒಳಗಿನ ಕಾಗದದ ಬಟ್ಟಲನ್ನು ಗೇಣುದ್ದ ಸೀಳಿತ್ತು. ಅಮೀನ್‌ಸಾಬ್ ಆ ಸೀಳಿನ ಮೇಲೆ ಬೆರಳಿಟ್ಟ. ಅವನ ಕಣ್ಣಿಗೆ ಮಾವನ ಕೆಮ್ಮು ಕಟ್ಟಿದ ಎದೆ ಬಂದು ನಿಂತಿತು.

"ಈಗೇನ್ರಿ?" ಎಂದು ಆದೆಪ್ಪ ಮೆಲ್ಲಗೆ ಕೇಳಿದ.

"ಜಾಲಿ ಅಂಟು ತಗೊಂಡು ಬಾ."

ಮರುದಿನ ಹೊತ್ತು ಏರುತ್ತಲೇ ಹಳ್ಳದ ದಂಡೆಯ ಬಂಡೆಯ ಮೇಲೆ ಕೆಲಸ ನಡೆಯಿತು. ಆದೆಪ್ಪ ಹೊಲಗಳ ಬದುವಿನಲ್ಲಿ ಅಲೆದು ಕರಿಜಾಲಿಯ ಅಂಟು ಬಿಡಿಸಿ ತಂದ. ಅಮೀನ್‌ಸಾಬ್ ಹಿಂದಿನ ಹಲಗೆ ಬಿಚ್ಚಿ, ತನ್ನ ರುಮಾಲಿನ ಅಂಚಿನಿಂದ ತೆಳ್ಳನೆ ಪಟ್ಟಿ ಹರಿದು, ಅಂಟಿನಲ್ಲಿ ಅದ್ದಿ, ಸೀಳಿನ ಎರಡು ತುಟಿ ಕೂಡಿಸಿ ಹಚ್ಚಿದ. ಮಖಮಲ್ಲಿನ ತೂತನ್ನು ಸೂಜಿ ಬೇಡಿ ತಂದು ಹೊಲಿದ. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲ.

"ಸಿಂಧನೂರಾಗ ಈ ಮಾತು ಬಾಯಿ ಬಿಡಬ್ಯಾಡ" ಎಂದ.

"ನಾ ಯಾಕ ಬಿಡ್ಲಿ?" ಎಂದ ಆದೆಪ್ಪ. "ವರ್ಷಾನಗಟ್ಲೆ ಅಮರಗುಂಡಪ್ಪ ಧಣ್ಯಾರದೇ ಹತ್ತಿ ಹೇರಾಕತ್ತೀನಿ. ನಾ ಕೆಡಸೀನಿ ಅಂತ ಗೊತ್ತಾದ್ರ ನನ್ನ ಎತ್ತಿಗೆ ಕಣಿಕಿ ಎಲ್ಲಿಂದ ಬರಬೇಕು?"

ಈ ಸಲ ಅಮೀನ್‌ಸಾಬ್ ಗಾಡಿಯ ಜೊತೆಗೇ ನಡೆದ. ದಾರಿಯುದ್ದಕ್ಕೂ ಒಂದು ಕೈ ಪೆಟ್ಟಿಗೆಯ ಮೇಲೆ.

ಸಿಂಧನೂರಿನ ಗೋದಾಮಿನಲ್ಲಿ ಹತ್ತಿಯ ನಾರು ಇನ್ನೂ ಗಾಳಿಯಲ್ಲಿ ಹಾರಾಡುತ್ತಿತ್ತು. ತಂತಿ ಆಗಲೇ ಎಳೆದಾಗಿತ್ತು. ಮಷೀನಿನ ಹತ್ತಿರ ಒಬ್ಬ ಎಣ್ಣೆ ತಲೆಯ ಯುವಕ ಪಂಚೆ ಎತ್ತಿ ಕಟ್ಟಿ ನಿಂತಿದ್ದ.

"ಬಂದ್ಯಾ? ನೀ ನಿನ್ನೆ ಬರಲಿಲ್ಲ, ಇವನೇ ಎಳದ" ಎಂದ ಅಮರಗುಂಡಪ್ಪ. "ನಮ್ಮಕ್ಕನ ಮಗ, ಹಂಪಣ್ಣ. ರಾಯಚೂರಾಗ ಮಷೀನು ಕಲ್ತು ಮೊನ್ನೆ ಬಂದಾನ."

ಅಮೀನ್‌ಸಾಬ್ ಹಂಪಣ್ಣನನ್ನೂ ಮಷೀನನ್ನೂ ನೋಡಿದ. "ಹಂಗಾರ ನಾನ್ರೀ..."

"ನೀನೂ ಇರು, ನಾಕು ದಿನ. ಆಮ್ಯಾಲ ನೋಡೂಣು."

ಆಮೇಲೆ ನೋಡೋಣ ಎಂದರೆ ಏನೆಂದು ಆ ಸೀಮೆಯಲ್ಲಿ ಕೂಸಿಗೂ ಗೊತ್ತು. ಅಮರಗುಂಡಪ್ಪನಿಗೆ ಬೇಕಾದದ್ದು ಪೆಟ್ಟಿಗೆ, ಮನುಷ್ಯನಲ್ಲ.

ಪೆಟ್ಟಿಗೆಯನ್ನು ಪರದೆಯ ಹಿಂದೆ ನಿಲ್ಲಿಸಿ, ಡೈನಮೋ ಶುರು ಮಾಡಿ, ಒಂದು ರೀಲು ಓಡಿಸಿದರು. ಹೆಣ್ಣು ಹಾಡಿದಳು. ಸೊಗಸಾದ ದನಿ ಗೋದಾಮಿನ ತಗಡಿಗೆ ತಾಗಿ ಮರಳಿ ಬಂತು. ಅಮರಗುಂಡಪ್ಪ ತಲೆದೂಗಿದ. ಆಮೇಲೆ ಪರದೆಯ ಮೇಲೆ ಗಡ್ಡದ ರಾಜನೊಬ್ಬ ಬಂದು ಮಾತಾಡಿದ. ಮಾತಿನ ಬೆನ್ನಿಗೇ ಒಂದು ಗೊರಗೊರ. ರಾಜನಿಗೆ ನೆಗಡಿಯಾದಂತಿತ್ತು.

"ಏನದು?" ಎಂದ ಅಮರಗುಂಡಪ್ಪ.

"ಡೈನಮೋ ಇರಬೇಕು ಮಾವ" ಎಂದ ಹಂಪಣ್ಣ. ಡೈನಮೋ ನೋಡಿದ. ತಂತಿ ಬಿಚ್ಚಿ ಮತ್ತೆ ಸುತ್ತಿದ. ಮಷೀನಿನ ತಲೆ ಒರೆಸಿದ. ರಾಜನ ನೆಗಡಿ ಹೋಗಲಿಲ್ಲ. ಅಮೀನ್‌ಸಾಬ್ ಗೋಡೆಗೆ ಒರಗಿ ನಿಂತಿದ್ದ. ತಪ್ಪು ಡೈನಮೋದ ಮೇಲೇ ಹೋಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದ. ಅಮರಗುಂಡಪ್ಪನ ಕಣ್ಣು ಒಬ್ಬೊಬ್ಬರ ಮೇಲೂ ಹರಿದು, ಬಾಗಿಲಲ್ಲಿ ಎಲೆ ಜಗಿಯುತ್ತಿದ್ದ ಆದೆಪ್ಪನ ಮೇಲೆ ಸುಮ್ಮನೆ ಒಂದು ಕ್ಷಣ ನಿಂತಿತು. ಅಷ್ಟೇ ಸಾಕಾಯಿತು.

"ಧಣ್ಯಾರ, ನಾ ಬಾಯಿ ಮ್ಯಾಲೇ ಇಟ್ಟಿದ್ದೆರೀ!" ಎಂದು ಆದೆಪ್ಪ ಕೂಗಿಬಿಟ್ಟ.

ಹಂಪಣ್ಣ ರೀಲು ನಿಲ್ಲಿಸಿದ.

"ಯಾವ ಬಾಯಿ?" ಎಂದ ಅಮರಗುಂಡಪ್ಪ.

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಾಗಿತ್ತು. ಅಮೀನ್‌ಸಾಬ್ ಮುಂದೆ ಬಂದು, ಪೆಟ್ಟಿಗೆಯ ಹಿಂದಿನ ತಿರುಪು ಬಿಚ್ಚಿ, ಹಲಗೆ ತೆಗೆದ. ಅಮರಗುಂಡಪ್ಪ ಬಗ್ಗಿ ನೋಡಿದ. ಕಪ್ಪು ಕಾಗದದ ಮೇಲೆ ರುಮಾಲಿನ ಬಿಳಿ ಪಟ್ಟಿ ಎದ್ದು ಕಾಣುತ್ತಿತ್ತು.

"ತಪ್ಪು ಆದೆಪ್ಪಂದಲ್ರಿ" ಎಂದ ಅಮೀನ್‌ಸಾಬ್. "ಬಾಯಿ ಮ್ಯಾಲ ಅಂದೆ. ಯಾವುದು ಬಾಯಿ ಅಂತ ನಾನೇ ಹೇಳ್ಲಿಲ್ಲ."

"ಮುಚ್ಚಿಟ್ಟು ನನಗ ಕೊಡಾಕ ಬಂದಿದ್ಯಾ?"

"ಹೌದ್ರಿ." ತಲೆ ತಗ್ಗಿಸಿದ. "ಇದು ಹಾಡದಿದ್ರ ನಾ ಹಟ್ಟಿಗೆ ಹೋಗಬೇಕ್ರಿ. ನಮ್ಮ ಮಾವ ಅಲ್ಲೇ ಹೋದ. ಅದಕ್ಕ ಮುಚ್ಚಿಟ್ಟೆ."

ಅಮರಗುಂಡಪ್ಪ ಪಟ್ಟಿಯ ಅಂಚನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿದ. ಅದು ಏಳಲಿಲ್ಲ.

"ಹಂಪಣ್ಣ, ನಾಳಿ ಆಟದ ನಡುವ ಇದು ಹರದ್ರ ನಿನಗ ಹಚ್ಚಾಕ ಬರತೈತೇನು?"

ಹಂಪಣ್ಣ ತಲೆ ಕೆರೆದುಕೊಂಡ. "ರಾಯಚೂರಾಗ ಇದು ಹರದಿದ್ದೇ ಇಲ್ಲಲ್ಲ ಮಾವ. ಹೈದರಾಬಾದಿನಿಂದ ಹೊಸಾದು ತರಸೂಣು."

"ತರಸ್ರಿ" ಎಂದ ಅಮೀನ್‌ಸಾಬ್. ಕಳೆದುಕೊಳ್ಳಲು ಇನ್ನೇನೂ ಉಳಿದಿಲ್ಲದವನ ಬಾಯಿಗೆ ಮಾತು ತಾನಾಗಿ ಬಂತು. "ಅದೂ ಗಾಡಿ ಮ್ಯಾಲೇ ಬರಬೇಕ್ರಿ."

ಎಲ್ಲರೂ ಆದೆಪ್ಪನ ಕಡೆ ತಿರುಗಿದರು. ಆದೆಪ್ಪ ಮೇಲಿನ ತಗಡು ನೋಡತೊಡಗಿದ. ಮೊದಲು ನಕ್ಕವನು ಅಮರಗುಂಡಪ್ಪ. ಹೊಟ್ಟೆ ಕುಲುಕಿ, ಕಣ್ಣು ಒರೆಸಿಕೊಳ್ಳುವಷ್ಟು ನಕ್ಕ. ನಗು ನಿಂತಮೇಲೆ ಅವನ ಮುಖ ಮತ್ತೆ ವ್ಯಾಪಾರಿಯ ಮುಖವಾಯಿತು.

"ಆ ಪಟ್ಟಿ ಇರೂತನ ನೀ ಇರು" ಎಂದ.

ಶುಕ್ರವಾರ ಬೆಳಿಗ್ಗೆ ಆದೆಪ್ಪ ಖಾಲಿ ಗಾಡಿ ತಿರುಗಿಸಿದ. ಸುಭಾನಬಿಯನ್ನೂ ಮನೆಯ ಪಾತ್ರೆ ಪಡಗವನ್ನೂ ತರಬೇಕಿತ್ತು. "ಟ್ರಂಕಿನ ಬಾಯಿ ಯಾವುದು ಅಂತ ಈ ಸಲ ಕೇಳೇ ಹೇರ್ತೀನ್ರಿ" ಎಂದು ಹೇಳಿ ಹೋದ.

ಸಂಜೆ ಗೋದಾಮು ಕಿಕ್ಕಿರಿದಿತ್ತು. ಜವಳಗೇರಾದಿಂದ, ಗೊರೇಬಾಳದಿಂದ, ಕಾಲುವೆಯ ಕ್ಯಾಂಪುಗಳಿಂದ ಜನ ಹೆಂಡಿರು ಮಕ್ಕಳ ಸಮೇತ ಬಂದು ನೆಲದ ಮೇಲೆ ಕೂತಿದ್ದರು. ಮಷೀನಿನ ಹತ್ತಿರ ಹಂಪಣ್ಣ ನಿಂತಿದ್ದ. ಅಮೀನ್‌ಸಾಬ್ ಪರದೆಯ ಹಿಂದೆ, ಪೆಟ್ಟಿಗೆಯ ತೆರೆದ ಬೆನ್ನಿಗೆ ಮುಖ ಮಾಡಿ, ಪಕ್ಕದಲ್ಲಿ ಅಂಟಿನ ಬಟ್ಟಲು ಇಟ್ಟುಕೊಂಡು ಕೂತ. ಹೆಣ್ಣಿನ ಹಾಡು ಮುಗಿಯಿತು. ಗಡ್ಡದ ರಾಜ ಬಂದು ಸಿಟ್ಟಿನಿಂದ ಗುಡುಗಿದ. ನೆಗಡಿ ಹತ್ತಿದ ಆ ದನಿಗೆ ಕೂತ ಜನವೆಲ್ಲ ಗೊಳ್ಳೆಂದು ನಕ್ಕು, ಅವನು ಮತ್ತೆ ಬಾಯಿ ತೆರೆಯಲೆಂದು ಸಿಳ್ಳೆ ಹಾಕಿದರು. ಅಮೀನ್‌ಸಾಬ್ ಕತ್ತಲೆಯಲ್ಲಿ ಕೈ ಒಳಗೆ ಚಾಚಿ ಬಿಳಿ ಪಟ್ಟಿಯ ಮೇಲೆ ಎರಡು ಬೆರಳು ಇಟ್ಟ. ಅದು ನಡುಗುತ್ತಿತ್ತು. ಆಟ ಮುಗಿಯುವವರೆಗೂ ಅವನು ಕೈ ತೆಗೆಯಲಿಲ್ಲ.